ಹಾಲು ಕರೆಯುವ ಮೆಷಿನ್ ಇದ್ದರೆ ಒಳಗಿನ ರಬ್ಬರ್ ಕಡೆ ಗಮನ ಇರಲಿ

ಮೆಷಿನ್ ತಂದ ಮೇಲೆ ಕೆಚ್ಚಲು ಬಾವು ಜಾಸ್ತಿಯಾಯ್ತು ಅಂತ ಹೇಳುವವರು ಬಹಳ ಜನ. ಅಂಥವರು ಮೊದಲು ಮೊಲೆತೊಟ್ಟಿಗೆ ಹಾಕುವ ಕಪ್ ಒಳಗಿನ ರಬ್ಬರ್ ಲೈನರ್ ತೆಗೆದು ನೋಡಿ. ಬೆರಳು ಹಾಕಿ ಸವರಿ. ಒಳಗೆ ಒರಟು ಅನಿಸಿದರೆ, ಸಣ್ಣ ಬಿರುಕು ಕಂಡರೆ, ಬಾಯಿ ಅಂಡಾಕಾರಕ್ಕೆ ತಿರುಗಿದ್ದರೆ ಅದರ ಕೆಲಸ ಮುಗಿಯಿತು. ಬಿರುಕಿನಲ್ಲಿ ಕೂತ ಬ್ಯಾಕ್ಟೀರಿಯಾ ಎಷ್ಟು ತೊಳೆದರೂ ಹೋಗುವುದಿಲ್ಲ.

ರಬ್ಬರ್ ಲೈನರ್ ಸಾಮಾನ್ಯವಾಗಿ 2,500 ಸಲ ಹಾಲು ಕರೆಯುವವರೆಗೆ ಬರುತ್ತದೆ. 20 ಹಸು, 2 ಕ್ಲಸ್ಟರ್ (ನಾಲ್ಕು ಕಪ್‌ಗಳ ಒಂದು ಸೆಟ್), ದಿನಕ್ಕೆ ಎರಡು ಹೊತ್ತು ಅಂದರೆ ಒಂದು ಕ್ಲಸ್ಟರ್‌ಗೆ ದಿನಕ್ಕೆ 20 ಸಲ, ಲೆಕ್ಕ 125 ದಿನ. ಕಂಪನಿಯ ಪುಸ್ತಕದಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಪಾಲಿಸಿ. ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹರಿದದ್ದು ಒಂದನ್ನೇ ಬದಲಿಸಿ ದುಡ್ಡು ಉಳಿಸುವುದು ಸುಮ್ನೆ ದಂಡ.

ಕಪ್ ತೆಗೆದ ತಕ್ಷಣ ಮೊಲೆತೊಟ್ಟು ನೋಡಿ. ತುದಿ ಕೆಂಪು ಅಥವಾ ನೀಲಿಯಾಗಿದ್ದರೆ, ಬುಡದಲ್ಲಿ ಉಂಗುರದಂಥ ಗುರುತು ಬಿದ್ದಿದ್ದರೆ ವ್ಯಾಕ್ಯೂಮ್ (ಹಾಲು ಎಳೆಯುವ ಗಾಳಿಯ ಸೆಳೆತ) ಜಾಸ್ತಿ ಇರಬಹುದು, ಲೈನರ್ ಅಳತೆ ಹೊಂದದೇ ಇರಬಹುದು, ಇಲ್ಲವೇ ಹಾಲು ನಿಂತ ಮೇಲೂ ಕಪ್ ಬಿಟ್ಟಿದ್ದೀರಿ. ಈ ಕೊನೆಯದೇ ಹೆಚ್ಚು ಅಲ್ವಾ? ವ್ಯಾಕ್ಯೂಮ್ ಬಂದ್ ಮಾಡದೆ ಕಪ್ ಎಳೆಯಲೇಬೇಡಿ.

ತೊಳೆಯುವಾಗ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಡಿಟರ್ಜೆಂಟ್ ಹಾಕಿದ ಬಿಸಿನೀರು. ಮೊದಲೇ ಕುದಿನೀರು ಹಾಯಿಸಿದರೆ ಹಾಲಿನ ಪ್ರೋಟೀನ್ ಪೈಪಿಗೇ ಅಂಟಿಕೊಳ್ಳುತ್ತದೆ.