ಕ್ಯಾಮ್‌ಶಾಫ್ಟ್ ಕೂಡಿಸಿದ ಮೇಲೆ ಎಂಜಿನ್ ತಿರುಗುತ್ತಿಲ್ಲವೇ? ಚಾವಿ ಬಿಡಿ, ಪಾನಾ ಹಿಡಿಯಿರಿ

ಪುಣೆಯ ನಾನಾ ಪೇಠೆಯಿಂದ ಹೊಸ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ) ತಂದಾಯಿತು, ಹೆಡ್ ಮೇಲೆ ಕೂಡಿಸಿದ್ದಾಯಿತು, ಬೆಲ್ಟ್ ಏರಿಸಿದ್ದೂ ಆಯಿತು. ಚಾವಿ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು, ಅಷ್ಟೇ. ಎಂಜಿನ್ ಅಲುಗುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಮತ್ತೆ ಚಾವಿಗೆ ಹೋಗುತ್ತದೆ. ದಯವಿಟ್ಟು ಅಲ್ಲೇ ನಿಲ್ಲಿಸಿ. ಮೊದಲ ಸಲಕ್ಕೆ ಉಳಿದುಕೊಂಡ ವಾಲ್ವ್ ಎರಡನೇ ಸಲಕ್ಕೆ ಸೊಟ್ಟಗಾಗಬಹುದು.

ಭೋಸರಿಯ ಒಂದು ಗ್ಯಾರೇಜಿನಲ್ಲಿ ಇಂಡಿ ತಾಲ್ಲೂಕಿನಿಂದ ಬಂದ ಹಿರಿಯ ಮಿಸ್ತ್ರಿಯೊಬ್ಬರಿದ್ದಾರೆ. "ಕಾಕಾ, ಇನ್ನೊಮ್ಮೆ ಸೆಲ್ಫ್ ಹೊಡೀಲೇನ್ರಿ?" ಅಂತ ಹುಡುಗರು ಕೇಳಿದರೆ ಅವರದು ಒಂದೇ ಉತ್ತರ: "ತಡಿಯೋ ತಮ್ಮಾ, ಮೊದಲ ಕೈಲೆ ತಿರುವಿ ನೋಡು." ಸೆಲ್ಫ್ ಮೋಟರಿಗೆ ಬರೀ ಬಲ ಗೊತ್ತು. ಎಲ್ಲಿ ತಡೆಯುತ್ತಿದೆ, ಹೇಗೆ ತಡೆಯುತ್ತಿದೆ ಅನ್ನುವುದು ಕೈಗೆ ಮಾತ್ರ ಗೊತ್ತಾಗುತ್ತದೆ.

ಮೊದಲು ಕೈಯಿಂದ ತಿರುಗಿಸಿ

ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ಸ್ಪಾರ್ಕ್ ಪ್ಲಗ್ ಎಲ್ಲವನ್ನೂ ಬಿಚ್ಚಿ. ಡೀಸೆಲ್ ಆದರೆ ಗ್ಲೋ ಪ್ಲಗ್. ಆಗ ಕಂಪ್ರೆಷನ್ ಅಡ್ಡ ಬರುವುದಿಲ್ಲ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಪಾನಾ (ಸ್ಪ್ಯಾನರ್) ಹಾಕಿ ನಿಧಾನ ತಿರುಗಿಸಿ. ಹೆಚ್ಚಿನ ಕಾರುಗಳಲ್ಲಿ ಪುಲ್ಲಿಯ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು ಸರಿ. ಹಳೆಯ ಹೋಂಡಾ ಸಿಟಿಯಂಥ ಕೆಲವು ಎಂಜಿನ್ ಮಾತ್ರ ಉಲ್ಟಾ ತಿರುಗುತ್ತವೆ.

ಪೂರ್ತಿ 2 ಸುತ್ತು ಹಾಕಬೇಕು. ಕ್ರ್ಯಾಂಕ್ 2 ಸುತ್ತು ಬಂದಾಗ ಕ್ಯಾಮ್ 1 ಸುತ್ತು ಬರುತ್ತದೆ. ಅಷ್ಟರಲ್ಲಿ ಎಲ್ಲ ವಾಲ್ವ್‌ಗಳೂ ಒಮ್ಮೆ ತೆರೆದು ಮುಚ್ಚಿರುತ್ತವೆ.

ಎರಡೂ ಸುತ್ತು ಸಲೀಸಾಗಿ ಬಂದರೆ ಎಂಜಿನ್ ಅಲುಗದಿರುವುದಕ್ಕೆ ಕ್ಯಾಮ್ ಕಾರಣವಲ್ಲ. ಕರೆಂಟಿನ ಕಡೆ ನೋಡಿ. ಹೆಡ್ ಕೆಲಸ ಮಾಡುವಾಗ ಬಿಚ್ಚಿದ ಅರ್ಥ್ ಪಟ್ಟಿ ಹಾಗೇ ನೇತಾಡುತ್ತಿರುತ್ತದೆ, ಇದು ಬಹಳ ಸಲ ಆಗುತ್ತದೆ. ಸೆಲ್ಫ್‌ನ ಸಣ್ಣ ವೈರನ್ನೂ ನೋಡಿ. ತುಂಬಿದ ಬ್ಯಾಟರಿ ಸುಮ್ನೆ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಬಿದ್ದರೆ ಬ್ಯಾಟರಿ ಇಲ್ಲವೇ ಟರ್ಮಿನಲ್ ಮೇಲೆ ಅನುಮಾನ ಪಡಿ.

ಹೇಗೆ ತಡೆಯುತ್ತಿದೆ?

ತಿರುಗದಿದ್ದರೆ ಬಲ ಹಾಕಬೇಡಿ. ತಡೆಯುವ ರೀತಿ ನೋಡಿ, ಕಾರಣದ ಅರ್ಧ ಅಲ್ಲೇ ಸಿಗುತ್ತದೆ.

ಸ್ವಲ್ಪ ದೂರ ಸಲೀಸಾಗಿ ಬಂದು, ಲೋಹಕ್ಕೆ ಲೋಹ ತಾಗಿದಂತೆ ಗಟ್ಟಿಯಾಗಿ ನಿಂತರೆ, ಹಿಂದಕ್ಕೆ ತಿರುಗಿಸಿ ಮತ್ತೆ ಬಂದರೂ ಅದೇ ಜಾಗದಲ್ಲಿ ನಿಂತರೆ, ವಾಲ್ವ್ ಪಿಸ್ಟನ್ನಿಗೆ ತಾಗುತ್ತಿದೆ ಅಂತ ತಿಳಿಯಿರಿ. ಟೈಮಿಂಗ್, ಅಂದರೆ ಕ್ಯಾಮ್ ಮತ್ತು ಕ್ರ್ಯಾಂಕಿನ ಹೊಂದಾಣಿಕೆ, ತಪ್ಪಿದೆ. ಒಂದು ವಿಷಯ ನೆನಪಿರಲಿ: ಕ್ಯಾಮ್ ಸರಿಯಾಗಿ ಅರ್ಧ ಸುತ್ತು ತಪ್ಪಿ ಕೂತಿದ್ದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಗಟ್ಟಿಯಾಗಿ ತಡೆಯುವುದು ಬೆಲ್ಟಿನ ಹಲ್ಲು ಆಚೀಚೆ ಆದಾಗ.

ಒಂದಿಷ್ಟೂ ಅಲುಗದೆ ಕಲ್ಲಿನಂತೆ ನಿಂತಿದ್ದರೆ ಮೊದಲು ಲಾಕ್ ಪಿನ್ ನೋಡಿ. ಟೈಮಿಂಗ್ ಹಿಡಿಯಲು ಕ್ಯಾಮ್‌ಗೋ ಫ್ಲೈವೀಲ್‌ಗೋ ಹಾಕಿದ ಪಿನ್ ತೆಗೆಯುವುದು ಮರೆತುಹೋಗಿರುತ್ತದೆ. ಗೇರ್ ಬಿದ್ದಿದೆಯಾ ಅಂತಲೂ ನೋಡಿ.

ಇಡೀ ಸುತ್ತು ಒಂದೇ ಸಮ ಬಿಗಿಯಾಗಿದ್ದರೆ ಕ್ಯಾಮ್ ಅನ್ನು ಹೆಡ್‌ಗೆ ಹಿಡಿದಿಡುವ ಕ್ಯಾಪ್‌ಗಳ ತೊಂದರೆ. ಪ್ಲಗ್ ಇದ್ದಾಗ ನಿಂತು, ಪ್ಲಗ್ ಬಿಚ್ಚಿದ ಮೇಲೆ ತಿರುಗಿ, ತೂತಿನಿಂದ ನೀರೋ ಆಯಿಲ್ಲೋ ಚಿಮ್ಮಿದರೆ ಸಿಲಿಂಡರಿನಲ್ಲಿ ಅದೇ ತುಂಬಿತ್ತು ಅಂತ ಅರ್ಥ. ಹೆಡ್ ಎತ್ತುವಾಗ ಕೂಲೆಂಟ್ ಒಳಗೆ ಇಳಿದಿರಬಹುದು, ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲದೆಯೂ ಇರಬಹುದು. ಪೂರ್ತಿ ಹೊರಹಾಕಿ, ಕಾರಣ ಸಿಗುವವರೆಗೆ ಪ್ಲಗ್ ಹಾಕಬೇಡಿ.

ಕ್ಯಾಪ್‌ಗಳನ್ನು ಕಡೆಗಣಿಸಬೇಡಿ

ಕ್ಯಾಮ್ ಮೇಲೆ ಕೂರುವ ಆ ಸಣ್ಣ ಅಲ್ಯೂಮಿನಿಯಂ ಕ್ಯಾಪ್‌ಗಳು ನೋಡಲು ಎಲ್ಲವೂ ಒಂದೇ ಥರ ಕಾಣುತ್ತವೆ. ಒಂದೇ ಅಲ್ಲ. ಕಾರ್ಖಾನೆಯಲ್ಲಿ ಕ್ಯಾಪ್ ಬಿಗಿದೇ ಹೆಡ್ ಜೊತೆ ಒಂದೇ ಸಲಕ್ಕೆ ಕೊರೆದಿರುತ್ತಾರೆ. ಆದ್ದರಿಂದ ಮೂರನೆಯದರ ಜಾಗಕ್ಕೆ ಎರಡನೆಯದು ಹೋದರೆ, ಇಲ್ಲವೇ ಉಲ್ಟಾ ಕೂತರೆ ಕ್ಯಾಮ್ ಹಿಡಿದುಕೊಳ್ಳುತ್ತದೆ. ಹೆಚ್ಚಿನವುಗಳ ಮೇಲೆ ಅಂಕಿ, ಬಾಣದ ಗುರುತು ಇರುತ್ತದೆ. ಬಾಣ ಸಾಮಾನ್ಯವಾಗಿ ಬೆಲ್ಟ್ ಅಥವಾ ಚೈನ್ ಇರುವ ಕಡೆಗೆ. ಎಣ್ಣೆ ಜಿಡ್ಡು ಒರೆಸಿ ಟಾರ್ಚ್ ಹಿಡಿದು ಓದಿ.

ಬೋಲ್ಟ್‌ಗಳನ್ನು ಒಂದೊಂದೇ ಪೂರ್ತಿ ಬಿಗಿಯಬಾರದು. ಕೆಳಗೆ ವಾಲ್ವ್ ಸ್ಪ್ರಿಂಗ್‌ಗಳು ಮೇಲಕ್ಕೆ ಒತ್ತುತ್ತಿರುತ್ತವೆ. ಒಂದು ತುದಿ ಮಾತ್ರ ಕೆಳಗಿಳಿದರೆ ಕ್ಯಾಮ್ ಮುರಿಯುವುದೂ ಉಂಟು. ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವೇ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಕೊನೆಗೆ ಟಾರ್ಕ್ ಪಾನಾದಲ್ಲಿ ಮ್ಯಾನುಯಲ್ ಹೇಳಿದಷ್ಟೇ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇದು ಬಹುತೇಕ 10ರಿಂದ 15 ನ್ಯೂಟನ್ ಮೀಟರ್ ಒಳಗೇ ಇರುತ್ತದೆ, ಅಂದರೆ ಬಹಳ ಕಡಿಮೆ. ಬೋಲ್ಟ್ ತೂತಿನಲ್ಲಿ ಆಯಿಲ್ ನಿಂತಿದ್ದರೆ ಮೊದಲು ಬಟ್ಟೆಯಿಂದ ಹೀರಿ ತೆಗೆಯಿರಿ.

ಯಾವ ಕ್ಯಾಪ್ ಹಿಡಿಯುತ್ತಿದೆ ಅಂತ ಹುಡುಕಬೇಕೆಂದರೆ ಕ್ಯಾಮ್ ತೆಗೆದು, ಕ್ಯಾಮ್‌ಗೂ ವಾಲ್ವ್‌ಗೂ ನಡುವೆ ಕೂರುವ ಟ್ಯಾಪೆಟ್‌ಗಳನ್ನೂ ತೆಗೆದು, ಬರೀ ಕ್ಯಾಮ್ ಕೂಡಿಸಿ ಆಯಿಲ್ ಹಾಕಿ ಕ್ಯಾಪ್ ಬಿಗಿಯಿರಿ. ಈಗ ಬೆರಳಲ್ಲೇ ತಿರುಗಬೇಕು. ತಿರುಗದಿದ್ದರೆ ಒಂದೊಂದೇ ಕ್ಯಾಪ್ ಸಡಿಲಿಸುತ್ತ ಹೋಗಿ. ಯಾವುದನ್ನು ಸಡಿಲಿಸಿದಾಗ ಕ್ಯಾಮ್ ಬಿಡಿಸಿಕೊಳ್ಳುತ್ತದೋ ಅಲ್ಲಿದೆ ತೊಂದರೆ. ಎಲ್ಲ ಕ್ಯಾಪ್ ಸರಿಯಿದ್ದೂ ಬಿಗಿಯಾಗಿದ್ದರೆ ಹೊಸ ಕ್ಯಾಮೇ ಸೊಟ್ಟ ಇರಬಹುದು. ವಾಪಸ್ ಕೊಡಿ.

ಟೈಮಿಂಗ್ ಮತ್ತೆ ಕೂಡಿಸುವುದು

4 ಸಿಲಿಂಡರ್ ಎಂಜಿನ್ನಿಗೆ ಒಂದು ಒಳ್ಳೆಯ ದಾರಿ ಇದೆ. ಬೆಲ್ಟ್ ತೆಗೆದ ಮೇಲೆ ಕ್ರ್ಯಾಂಕನ್ನು ಟಾಪ್ ಗುರುತಿನಿಂದ (ಮೊದಲ ಪಿಸ್ಟನ್ ತುತ್ತತುದಿಗೆ ಬರುವ ಗುರುತು) 90 ಡಿಗ್ರಿ ಹಿಂದಕ್ಕೆ ಇಡಿ. ಆಗ ನಾಲ್ಕೂ ಪಿಸ್ಟನ್‌ಗಳು ಸಿಲಿಂಡರಿನ ನಡುವೆ ನಿಲ್ಲುತ್ತವೆ, ಯಾವ ವಾಲ್ವ್‌ಗೂ ಎಟುಕುವುದಿಲ್ಲ. ಕ್ಯಾಮ್ ಅನ್ನು ಆರಾಮಾಗಿ ತಿರುಗಿಸಿ ಅದರ ಗುರುತಿಗೆ ತನ್ನಿ. ಆಮೇಲೆ ಕ್ರ್ಯಾಂಕನ್ನು ಮುಂದಕ್ಕೆ 90 ಡಿಗ್ರಿ ತಂದು ಟಾಪ್ ಗುರುತಿಗೆ ನಿಲ್ಲಿಸಿ. ಮೊದಲ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಉದ್ದ ಪ್ಲಾಸ್ಟಿಕ್ ಸ್ಟ್ರಾ ಬಿಟ್ಟರೆ ಪಿಸ್ಟನ್ ಮೇಲೆ ಬಂದಿರುವುದು ಕಾಣುತ್ತದೆ. ಈಗ ಬೆಲ್ಟ್ ಹಾಕಿ. 3 ಸಿಲಿಂಡರ್ ಎಂಜಿನ್ನಿಗೆ ಈ 90 ಡಿಗ್ರಿ ಲೆಕ್ಕ ಕೂಡುವುದಿಲ್ಲ, ಅದರ ಮ್ಯಾನುಯಲ್ ನೋಡಲೇಬೇಕು.

ಪುಣೆಯವರಿಗೆ ಚೆನ್ನಾಗಿ ಪರಿಚಯವಿರುವ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಬಗ್ಗೆ ಬೇರೆಯಾಗಿ ಹೇಳಬೇಕು. ಪಕ್ಕದ ರಾಂಜಣಗಾವ್‌ನಲ್ಲೇ ಫಿಯೆಟ್ ಇದನ್ನು ತಯಾರಿಸುತ್ತಿತ್ತು. ಸ್ವಿಫ್ಟ್ ಡೀಸೆಲ್‌ನಲ್ಲೂ ಇದೇ ವಿನ್ಯಾಸ. ಇದಕ್ಕೆ ಚೈನ್ ಇದೆ. ಎರಡೂ ಕ್ಯಾಮ್‌ಗಳು ಮೇಲಿನ ಹೌಸಿಂಗ್ ಒಳಗೇ ಇರುತ್ತವೆ, ಅವನ್ನು ಪಿನ್ ಹಾಕಿ ಲಾಕ್ ಮಾಡಿಯೇ ಕೂಡಿಸಬೇಕು. ಹೌಸಿಂಗ್ ಇಳಿಸುವಾಗ ವಾಲ್ವ್ ಒತ್ತುವ ಸಣ್ಣ ರಾಕರ್‌ಗಳು ಜಾಗ ಬಿಟ್ಟು ಜಾರಿದರೆ ಕ್ಯಾಮ್ ಕೆಳಗೆ ಅಡ್ಡ ಸಿಕ್ಕಿಕೊಳ್ಳುತ್ತವೆ. ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿ ಆಮೇಲೆ ಮುಚ್ಚಿ.

ಎಲ್ಲ ಆದ ಮೇಲೆ ಪಿನ್‌ಗಳನ್ನು ತೆಗೆದು ಮತ್ತೆ ಕೈಯಿಂದ 2 ಸುತ್ತು. ಗುರುತುಗಳು ಮರಳಿ ಕೂಡಬೇಕು. ಕೂಡಿದರೆ ಬ್ಯಾಟರಿ ವೈರ್ ಹಾಕಿ, ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಪ್ಲಗ್ ಹಾಕುವ ಮೊದಲು ಸೆಲ್ಫ್ ಹೊಡೆದು ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಒಂದರಲ್ಲಿ ಮಾತ್ರ ಏನೂ ತೋರಿಸದಿದ್ದರೆ ವಾಲ್ವ್ ಸೊಟ್ಟಗಾಗಿರಬಹುದು, ಹೆಡ್ ಮತ್ತೆ ಬಿಚ್ಚದೆ ದಾರಿಯಿಲ್ಲ. ಎಲ್ಲ ಸರಿಯಿದ್ದರೆ ಆಯಿಲ್ ಮೇಲೆ ಏರುವಷ್ಟು ಕೆಲವು ಸೆಕೆಂಡ್ ಸೆಲ್ಫ್ ಹೊಡೆದು, ಆಮೇಲೆ ಪ್ಲಗ್, ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ. ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಮೊದಲು ಸ್ವಲ್ಪ ಹೊತ್ತು ಟಿಕ್ ಟಿಕ್ ಅನ್ನುತ್ತದೆ, ಆಯಿಲ್ ತುಂಬಿದ ಮೇಲೆ ನಿಲ್ಲುತ್ತದೆ. ಆಯಿಲ್ ಲೈಟ್ ಮಾತ್ರ ಆರದೆ ಉಳಿದರೆ ತಕ್ಷಣ ಬಂದ್ ಮಾಡಿ.