ಲೆಕ್ಕದಲ್ಲಿ ಮೈನಸ್ ಬಂದ ಸೋಮವಾರ

ಹುಬ್ಬಳ್ಳಿಯ ಒಂದು ಸಣ್ಣ ಷೇರು ಬ್ರೋಕಿಂಗ್ ಕಚೇರಿಗೆ ನಾನು ಸೇರಿದ್ದು ಲೆಕ್ಕ ಬರೆಯೋಕೆ. ಎರಡು ವರ್ಷದ ಮೇಲೆ ಕಂಪ್ಲಯನ್ಸ್, ಅಂದರೆ ನಿಯಮ ಪಾಲನೆ, ನೋಡುತ್ತಿದ್ದವರು ಬೆಂಗಳೂರಿಗೆ ಹೊರಟರು. ಯಜಮಾನರು ನನ್ನ ಕಡೆ ತಿರುಗಿ, "ಎನ್‌ಐಎಸ್‌ಎಂ 3-ಎ ಪರೀಕ್ಷೆ ಬರೆದುಬಿಡು" ಅಂದರು. ಕಂಪ್ಲಯನ್ಸ್ ಕೆಲಸಕ್ಕೆ ಬೇಕಾದ ಪರೀಕ್ಷೆ ಅದು. ಬರೆದೆ, ಪಾಸಾದೆ. ಕೆಲಸ ಕಲಿತದ್ದು ಆಮೇಲೆ, ಪೆಟ್ಟು ತಿಂದು.

2016ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಬ್ರೋಕರ್‌ಗಳ ಮೇಲೆ ನಿಗಾ ಬಿಗಿ ಮಾಡಿ ಸುತ್ತೋಲೆ ಹೊರಡಿಸಿತ್ತು. ಅದರ ಪ್ರಕಾರ ಆಗ ಪ್ರತಿ ವಾರ ಎಕ್ಸ್‌ಚೇಂಜ್‌ಗೆ ಒಂದು ಲೆಕ್ಕ ಕಳಿಸಬೇಕಿತ್ತು. ಗಿರಾಕಿಗಳ ಬ್ಯಾಂಕ್ ಖಾತೆಗಳಲ್ಲಿರುವ ಹಣ 'ಎ'. ವಹಿವಾಟು ಚುಕ್ತಾ ಮಾಡುವ ಕ್ಲಿಯರಿಂಗ್ ಸಂಸ್ಥೆಯಲ್ಲಿ ಇಟ್ಟ ನಗದು, ಎಫ್‌ಡಿ, ಬ್ಯಾಂಕ್ ಗ್ಯಾರಂಟಿ 'ಬಿ'. ಗಿರಾಕಿಗಳಿಗೆ ನಾವು ಕೊಡಬೇಕಾದ ಒಟ್ಟು ಬಾಕಿ 'ಸಿ'. ಎ ಮತ್ತು ಬಿ ಕೂಡಿಸಿ ಸಿ ಕಳೆದರೆ ಬರೋದು 'ಜಿ'. ಅದು ಮೈನಸ್ ಆದರೆ ಒಬ್ಬ ಗಿರಾಕಿಯ ದುಡ್ಡು ಇನ್ನೊಬ್ಬರಿಗೋ ಬ್ರೋಕರ್‌ನ ಸ್ವಂತಕ್ಕೋ ಹೋಗಿದೆ ಅಂತ ಅರ್ಥ.

ಒಂದು ಸೋಮವಾರ ನನ್ನ ಜಿ ಮೈನಸ್ 3,40,000 ಬಂತು.

ಕೈಕಾಲು ತಣ್ಣಗಾಯಿತು. ಗಿರಾಕಿಗಳ ದುಡ್ಡನ್ನು ನಮ್ಮಲ್ಲಿ ಯಾರೂ ಮುಟ್ಟಿರಲಿಲ್ಲ, ಅದು ನನಗೆ ಗೊತ್ತು. ಆದರೆ ಅಂಕಿ ಹೇಳೋದೇ ಬೇರೆ ಅಲ್ವಾ? ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಹರಡಿಕೊಂಡು ರಾತ್ರಿ ಒಂಬತ್ತರವರೆಗೆ ಗೀಟು ಹಾಕುತ್ತಾ ಕೂತೆ. ಶುಕ್ರವಾರ ಸಂಜೆ ಒಬ್ಬ ಹತ್ತಿ ವ್ಯಾಪಾರಿ ಚೆಕ್ ಕೊಟ್ಟಿದ್ದರು. ನಮ್ಮ ಹುಡುಗ ಆಗಲೇ ಅವರ ಖಾತೆಗೆ ಜಮಾ ಬರೆದಿದ್ದ. ಚೆಕ್ ಮಾತ್ರ ಇನ್ನೂ ಡ್ರಾಯರ್‌ನಲ್ಲೇ ಮಲಗಿತ್ತು. ಸಿ ಏರಿತ್ತು, ಎ ಇದ್ದಲ್ಲೇ ಇತ್ತು. ಪಾಸಾಗದ ಚೆಕ್‌ಗಳನ್ನು ಹೊಂದಿಸಿಯೇ ಸಿ ಹಾಕಬೇಕು ಅಂತ ಸುತ್ತೋಲೆಯಲ್ಲೇ ಇದೆ. ನಾನು ಸೂತ್ರ ಓದಿದ್ದೆ, ಅದರ ಕೆಳಗಿನ ಸಣ್ಣ ಅಕ್ಷರ ಓದಿರಲಿಲ್ಲ.

ಅವತ್ತಿನಿಂದ ಸಂಜೆ ನಾಲ್ಕೂವರೆಗೆ ಕೂತು ಬ್ಯಾಂಕ್, ಲೆಡ್ಜರ್, ಷೇರು ಇಡುವ ಡಿಮ್ಯಾಟ್ ಖಾತೆ ಮೂರನ್ನೂ ತಾಳೆ ನೋಡೋದು ಶುರು ಮಾಡಿದೆ. ವಾರದ ವರದಿಗೆ ದಿನದ ಲೆಕ್ಕ ಯಾಕೆ ಅಂತ ಯಜಮಾನರು ಗೊಣಗಿದರು. ಒಂದು ರೂಪಾಯಿ ವ್ಯತ್ಯಾಸ ಇದ್ದರೂ ಹುಡುಗರನ್ನು ಮನೆಗೆ ಬಿಡುತ್ತಿರಲಿಲ್ಲ. ಸ್ವಲ್ಪ ಜಾಸ್ತಿಯೇ ಆಯ್ತೇನೋ.

2019ರ ನವೆಂಬರ್‌ನಲ್ಲಿ ದೊಡ್ಡ ಬ್ರೋಕರ್ ಕಾರ್ವಿ ಮೇಲೆ ಸೆಬಿ ಆದೇಶ ಬಂತು. ಗಿರಾಕಿಗಳ ಷೇರನ್ನೇ ಅಡ ಇಟ್ಟು ಸಾಲ ಎತ್ತಿದ ಸುದ್ದಿ. "ನಮ್ಮ ಷೇರು ಅದಾವೇನ್ರಿ?" ಅಂತ ಇಡೀ ವಾರ ಫೋನ್. 2020ರ ಸೆಪ್ಟೆಂಬರ್ 1ರಿಂದ ಮಾರ್ಜಿನ್‌ಗೆ, ಅಂದರೆ ವಹಿವಾಟಿಗೆ ಮುಂಚೆ ಇಡಬೇಕಾದ ಭದ್ರತೆಗೆ, ಷೇರು ಕೊಡಬೇಕಾದರೆ ಗಿರಾಕಿಯ ಡಿಮ್ಯಾಟ್‌ನಲ್ಲೇ ಇಟ್ಟು, ಒಟಿಪಿ ಒತ್ತಿ ಅಡ ಮಾಡಬೇಕಾಯಿತು. ವಯಸ್ಸಾದವರಿಗೆ ಒಟಿಪಿ ಹೇಳಿಕೊಡೋದರಲ್ಲೇ ಮಧ್ಯಾಹ್ನ ಮುಗಿಯುತ್ತಿತ್ತು. ಡಿಸೆಂಬರ್‌ನಲ್ಲಿ ಪೀಕ್ ಮಾರ್ಜಿನ್ ಬಂತು. ದಿನಕ್ಕೆ ಕನಿಷ್ಠ ನಾಲ್ಕು ಸಲ, ಯಾವಾಗ ಅಂತ ಹೇಳದೆ, ಮಾರ್ಜಿನ್ ಎಷ್ಟಿದೆ ಅಂತ ನೋಡುತ್ತಾರೆ. ಕಡಿಮೆ ಬಿದ್ದರೆ ದಂಡ.

2022ರ ಮೇ 2ರಿಂದ ಯಾವ ಗಿರಾಕಿಯ ಅಡಮಾನ ಎಲ್ಲೆಲ್ಲಿ ಎಷ್ಟಿದೆ ಅಂತ ಹೆಸರು ಹೆಸರಾಗಿ ಬೇರೆ ಮಾಡಿ ತೋರಿಸಬೇಕಾಯಿತು. ಮೊದಲೆಲ್ಲ ಒಟ್ಟು ಮೊತ್ತ ಸರಿ ಬಂದರೆ ಒಳಗಿನ ಗೊಂದಲ ಮುಚ್ಚಿಹೋಗುತ್ತಿತ್ತು. ಇನ್ನು ಹಾಗಿಲ್ಲ. ಸುತ್ತಲಿನ ಕಚೇರಿಗಳವರು ತಲೆ ಮೇಲೆ ಕೈ ಹೊತ್ತಿದ್ದರು. ನಮಗೆ ಸಂಜೆಯ ತಾಳೆಗೆ ಇನ್ನೊಂದು ಕಾಲಂ ಸೇರಿತು, ಅಷ್ಟೇ. ಯಜಮಾನರು ಅವತ್ತು ಗೊಣಗಲಿಲ್ಲ.

ಗಿರಾಕಿಗಳಿಗೆ ವಿವರಿಸೋಕೆ ಕಷ್ಟವಾದದ್ದು ಮಾತ್ರ ತ್ರೈಮಾಸಿಕ ಸೆಟಲ್‌ಮೆಂಟ್. ಸುಮ್ನೆ ಬಿದ್ದಿರುವ ದುಡ್ಡನ್ನು ಅವರ ಬ್ಯಾಂಕಿಗೆ ವಾಪಸ್ ಹಾಕಲೇಬೇಕು. 2022ರ ಅಕ್ಟೋಬರ್ 7, ಶುಕ್ರವಾರ, ದೇಶದ ಎಲ್ಲ ಬ್ರೋಕರ್‌ಗಳೂ ಒಂದೇ ದಿನ ಹಾಕಿದರು. ಶನಿವಾರ ಬೆಳಿಗ್ಗೆ ಅದೇ ಹತ್ತಿ ವ್ಯಾಪಾರಿ ಫೋನ್ ಮಾಡಿದರು.

"ಯಾಕ್ರೀ, ರೊಕ್ಕ ವಾಪಸ್ ಕಳಿಸೀರಿ? ನಮ್ಮ ಕಡಿಂದ ಏನರ ತಪ್ಪಾತೇನ್ರಿ?"

ತಪ್ಪೇನಿಲ್ಲ, ನಿಯಮ ಅಂತ ಹತ್ತು ನಿಮಿಷ ಹೇಳಿದೆ. ಒಪ್ಪಿದರು. ಸೋಮವಾರ ಅಷ್ಟೇ ದುಡ್ಡು ಮತ್ತೆ ಬಂತು, ಆದರೆ ಮಗನ ಖಾತೆಯಿಂದ. ಗಿರಾಕಿಯ ಸ್ವಂತ ಖಾತೆಯದ್ದಲ್ಲದ ದುಡ್ಡು ನಾವು ತಗೊಳ್ಳುವ ಹಾಗಿಲ್ಲ. ಅದನ್ನೂ ವಾಪಸ್ ಕಳಿಸಿ, ಫೋನ್ ಕೈಗೆತ್ತಿಕೊಂಡೆ.