ಜೋಡಿಸಿದ ಪಿ.ಸಿ. ಆನ್ ಆಗುತ್ತಿಲ್ಲವೇ? ಮೊದಲು ಎರಡು ಪಿನ್ ಮುಟ್ಟಿಸಿ ನೋಡಿ

ಮನೆಯಲ್ಲೇ ಜೋಡಿಸಿದ ಪಿ.ಸಿ. ಆನ್ ಆಗದಿದ್ದರೆ ಬಹುತೇಕರು ಮೊದಲು ರ‍್ಯಾಮ್ ಕಿತ್ತು ಉಜ್ಜಿ ಹಾಕುತ್ತಾರೆ. ಫ್ಯಾನ್ ತಿರುಗಿ ಪರದೆಯಷ್ಟೇ ಕಪ್ಪಗಿದ್ದರೆ ಅದು ಸರಿ. ಬಟನ್ ಒತ್ತಿದರೂ ಫ್ಯಾನ್ ಮಿಸುಕದಿದ್ದರೆ ರ‍್ಯಾಮಿನ ತಂಟೆಗೇ ಹೋಗಬೇಡಿ. ಹುಡುಕಬೇಕಾದದ್ದು ಕರೆಂಟ್ ಬರುವ ದಾರಿಯನ್ನು.

1. ಯು.ಪಿ.ಎಸ್., ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆಗೆ ಹಾಕಿ. ಎಸ್‌ಎಂಪಿಎಸ್ (ಪಿ.ಸಿ.ಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಹಿಂದಿನ ಸ್ವಿಚ್ ಗೆರೆಯ ಕಡೆ ಒತ್ತಿರಲಿ, ಸೊನ್ನೆಯ ಕಡೆ ಅಲ್ಲ.

2. ಪ್ಲಗ್ ಕಿತ್ತು, ಮದರ್‌ಬೋರ್ಡಿನ 24 ಪಿನ್ ಕನೆಕ್ಟರನ್ನೂ ಪ್ರೊಸೆಸರ್ ಪಕ್ಕದ 8 ಪಿನ್ನಿನದನ್ನೂ ಟಕ್ ಎನ್ನುವ ತನಕ ಒತ್ತಿ. ಪ್ರೊಸೆಸರಿನದು 4+4 ಆಗಿ ಬಿಡಿಸಿಕೊಳ್ಳುತ್ತದೆ. 6+2 ಆಗಿರುವುದು ಗ್ರಾಫಿಕ್ಸ್ ಕಾರ್ಡಿನದು, ಅದನ್ನು ಇಲ್ಲಿಗೆ ತುರುಕಬೇಡಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ಆಗಿದ್ದರೆ ಅದರ ಜೊತೆ ಬಂದ ಕೇಬಲನ್ನೇ ಬಳಸಿ. ಬೇರೆ ಕಂಪನಿಯದು ಸಲೀಸಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. ಹಾರ್ಡ್‌ಡಿಸ್ಕ್ ಸುಟ್ಟುಹೋಗುವುದು ಹೀಗೆಯೇ.

3. ಹೆಚ್ಚಿನವರು ಎಡವುವುದು ಇಲ್ಲಿ. ಬೋರ್ಡಿನ ಕೆಳ ಅಂಚಿನಲ್ಲಿ, ಸಾಮಾನ್ಯವಾಗಿ ಬಲಮೂಲೆಯಲ್ಲಿ, ಫ್ರಂಟ್ ಪ್ಯಾನೆಲ್ (ಕ್ಯಾಬಿನೆಟ್ ಬಟನ್, ದೀಪಗಳ ತಂತಿ ಸೇರುವ) ಪಿನ್‌ಗಳಿರುತ್ತವೆ: ಐದೈದರ ಎರಡು ಸಾಲು, ಒಂದು ತುದಿಯಲ್ಲಿ ಮಾತ್ರ ಪಿನ್ ಇಲ್ಲ. ಪವರ್ ಸ್ವಿಚ್ಚಿನದು ಆ ಖಾಲಿ ಜಾಗ ಇರುವ ಸಾಲಿನಲ್ಲೇ, ಅದಕ್ಕೆ ಒತ್ತಿಕೊಂಡ ಎರಡು ಪಿನ್. ಎದುರು ಸಾಲಿನಲ್ಲಿ ಇವಕ್ಕೆ ನೇರ ಎದುರಿಗಿರುವ ಜೋಡಿ ರೀಸೆಟ್‌ನದು; ಒಂದು ಪಿನ್ ಜರುಗಿತೆಂದರೆ ಕೆಲಸ ಕೆಟ್ಟಿತು. ಕೆಲವು ಬೋರ್ಡ್‌ಗಳಲ್ಲಿ ಸ್ಪೀಕರ್ ಪಿನ್ನೂ ಇಲ್ಲೇ ಸೇರಿ ಸಾಲು ಉದ್ದವಾಗಿರುತ್ತದೆ, ಹಾಗಾಗಿ ಮ್ಯಾನ್ಯುಯಲ್ ಚಿತ್ರ ಪಕ್ಕದಲ್ಲಿರಲಿ. ಸ್ವಿಚ್ಚಿನ ತಂತಿಗೆ ಪ್ಲಸ್–ಮೈನಸ್ ಭೇದವಿಲ್ಲ, ಎಲ್‌ಇಡಿಗೆ ಇದೆ.

ಈಗ ಆ ಎರಡೂ ಸಾಲಿನ ತಂತಿಗಳನ್ನೆಲ್ಲ ಕೀಳಿ. ಪ್ಲಗ್ ಹಾಕಿ, ಸ್ಕ್ರೂಡ್ರೈವರ್ ತುದಿಯಿಂದ ಪವರ್ ಪಿನ್ ಎರಡನ್ನೂ ಒಂದು ಕ್ಷಣ ಕೂಡಿಸಿ. ಶಾಕ್ ಹೊಡೆಯುವಷ್ಟು ವೋಲ್ಟೇಜ್ ಅಲ್ಲಿಲ್ಲ. ಪಕ್ಕದ ಪಿನ್ನಿಗೆ ತಾಗಿಸಬೇಡಿ, ಹಿಡಿದುಕೊಂಡೇ ಇರಬೇಡಿ: ನಾಲ್ಕೈದು ಸೆಕೆಂಡಾದರೆ ಆನ್ ಆದದ್ದೂ ಆಫ್ ಆಗುತ್ತದೆ. ಪಿ.ಸಿ. ಎದ್ದರೆ ತಪ್ಪು ತಂತಿಯದು ಇಲ್ಲವೇ ಕ್ಯಾಬಿನೆಟ್ ಬಟನ್ನಿನದು. ಬಟನ್ ಕೆಟ್ಟಿದ್ದರೆ ರೀಸೆಟ್ ತಂತಿಯನ್ನು ಪವರ್ ಪಿನ್ನಿಗೆ ಹಾಕಿ, ರೀಸೆಟ್ ಬಟನ್ನಿನಿಂದಲೇ ಆನ್ ಮಾಡಿ. ಕ್ಯಾಬಿನೆಟ್ ಬದಲಿಸುವ ಖರ್ಚು ಬೇಕಿಲ್ಲ.

4. ಏಳಲಿಲ್ಲವೆಂದರೆ ಎಸ್‌ಎಂಪಿಎಸ್ ಪರೀಕ್ಷಿಸಿ. ಪ್ಲಗ್ ಕಿತ್ತು, ಬೋರ್ಡ್, ಡಿಸ್ಕ್, ಕಾರ್ಡ್ ಎಲ್ಲದರಿಂದಲೂ ಅದರ ಕೇಬಲ್ ಬಿಡಿಸಿ. 24 ಪಿನ್ನಿನಲ್ಲಿ ಹಸಿರು ತಂತಿಯ ತೂತಿಗೂ ಪಕ್ಕದ ಕಪ್ಪಿನ ತೂತಿಗೂ ಬಗ್ಗಿಸಿದ ಪೇಪರ್ ಕ್ಲಿಪ್ ಚುಚ್ಚಿ, ಆಮೇಲೆ ಪ್ಲಗ್ ಹಾಕಿ. ತಂತಿಗಳೆಲ್ಲ ಕಪ್ಪೇ ಆಗಿದ್ದರೆ ಕೊಂಡಿ ಇರುವ ಸಾಲಿನಲ್ಲಿ ತಂತಿಯೇ ಇಲ್ಲದ ತೂತು ಹುಡುಕಿ. ಅದು ಒಂದು ತುದಿಯಿಂದ ಐದನೆಯದು. ಇನ್ನೊಂದು ತುದಿಯಿಂದ ನಾಲ್ಕನೆಯದೇ ನಿಮ್ಮ ಹಸಿರು, ಈ ಎರಡರ ನಡುವಿನ ಮೂರೂ ಗ್ರೌಂಡ್, ಅಂದರೆ ನಿಮ್ಮ ಕಪ್ಪು. ಕೆಲವು ಎಸ್‌ಎಂಪಿಎಸ್‌ಗಳ ಫ್ಯಾನ್ ಲೋಡ್ ಇಲ್ಲದೆ ತಿರುಗುವುದಿಲ್ಲ, ಆದ್ದರಿಂದ ಮೊಲೆಕ್ಸ್ (ದಪ್ಪ ನಾಲ್ಕು ಪಿನ್ನಿನ) ಕನೆಕ್ಟರಿನ ಕ್ಯಾಬಿನೆಟ್ ಫ್ಯಾನ್ ಒಂದನ್ನು ಸಿಕ್ಕಿಸಿಡಿ. ಮಲ್ಟಿಮೀಟರಿನಲ್ಲಿ ಹಳದಿ ತಂತಿ 11.4ರಿಂದ 12.6, ಕೆಂಪು ತಂತಿ 4.75ರಿಂದ 5.25 ವೋಲ್ಟ್ ತೋರಿಸಬೇಕು.

ಕ್ಯಾಬಿನೆಟ್ ಜೊತೆ ಬಿಟ್ಟಿಯಾಗಿ ಬರುವ ಹಗುರ ಎಸ್‌ಎಂಪಿಎಸ್ ನಂಬಬೇಡಿ. ಲೇಬಲ್ ಮೇಲೆ 450 ವ್ಯಾಟ್ ಎಂದಿದ್ದು, 12 ವೋಲ್ಟಿನ ಸಾಲಿನಲ್ಲಿ 15 ಆಂಪ್ ಎಂದಿದ್ದರೆ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸೇರಿ ಸಿಗುವುದು ಬರೀ 180 ವ್ಯಾಟ್.

5. ಎಸ್‌ಎಂಪಿಎಸ್ ಸರಿಯಿದ್ದರೆ ಪ್ಲಗ್ ಕಿತ್ತು, ಪೇಪರ್ ಕ್ಲಿಪ್ ತೆಗೆದು, ಬೋರ್ಡನ್ನು ಹೊರತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಸಾಕು. 24 ಪಿನ್, 8 ಪಿನ್ ಕೇಬಲ್ ಮತ್ತೆ ಸಿಕ್ಕಿಸಿ, ಪ್ಲಗ್ ಹಾಕಿ, ಮತ್ತೆ ಸ್ಕ್ರೂಡ್ರೈವರಿನಿಂದ ಆನ್ ಮಾಡಿ. ಇಲ್ಲಿ ಎದ್ದರೆ ಕ್ಯಾಬಿನೆಟ್ ಒಳಗೆ ಎಲ್ಲೋ ಶಾರ್ಟ್ ಇದೆ: ಬೋರ್ಡಿನ ತೂತಿಗೆ ಹೊಂದದ ಕಡೆ ನಿಂತ ಹಿತ್ತಾಳೆ ಸ್ಟ್ಯಾಂಡಾಫ್ (ಬೋರ್ಡನ್ನು ಎತ್ತಿ ಹಿಡಿಯುವ ಗೂಟ), ಬಿದ್ದ ಸ್ಕ್ರೂ, ಮುಂಬದಿಯ ಬಾಗಿದ ಯುಎಸ್‌ಬಿ ಪಿನ್. ಏಳದಿದ್ದರೆ ಬೋರ್ಡನ್ನು ವಾರಂಟಿಗೆ ಕೊಡಿ. 4ನೇ ಹಂತದಲ್ಲೇ ಸೋತ ಎಸ್‌ಎಂಪಿಎಸ್ಸನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು.